ಕೆಂಪಣ್ಣನ ಡ್ರಮ್ಮು, ಕೇದಾರನ ಡಬ್ಬ

ಹಳೇಕೋಟೆ ಕೆಂಪಣ್ಣ ಯಾರನ್ನೂ ನಂಬುತ್ತಿರಲಿಲ್ಲ. ಹೋಟೆಲಿನಲ್ಲಿ ಟೀ ಹೇಳಿದರೆ ಬೆಂಚಿನ ಮೇಲೆ ಕೂರದೆ ಒಲೆಯ ಹತ್ತಿರ ಹೋಗಿ ನಿಲ್ಲುತ್ತಿದ್ದ. ಹಾಲು ಬಿದ್ದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಬಂದು ಕೂರುತ್ತಿದ್ದ. ಬಸ್ಸಿನಲ್ಲಿ ಕಂಡಕ್ಟರ್ ಹರಿದುಕೊಟ್ಟ ಟಿಕೆಟನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಅದರಲ್ಲಿ ಏನನ್ನು ಹುಡುಕುತ್ತಿದ್ದನೋ ಅವನಿಗೂ ಗೊತ್ತಿರಲಿಲ್ಲ. ಒಮ್ಮೆ ಅವನ ಹೆಂಡತಿ ಸುಬ್ಬಮ್ಮ ನನ್ನ ಅಂಗಡಿಗೆ ರೇಡಿಯೋ ರಿಪೇರಿಗೆ ತಂದವಳು ಹೇಳಿದಳು: "ನಮ್ಮೋರು ಕನ್ನಡೀಲಿ ಮಖ ನೋಡ್ಕಂಡ್ರೂ ಒಂದ್ಸಲ ಹಿಂದಕ್ಕೆ ತಿರುಗಿ ನೋಡ್ತಾರೆ ಕಣಣ್ಣ, ಯಾರಾರಾ ನಿಂತವ್ರೇನೋ ಅಂತ."

ಹಾಸನದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವುದು, ಕೆಟ್ಟ ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡುವುದು ನನ್ನ ವ್ಯಾಪಾರ. ಈ ವ್ಯಾಪಾರದವನಿಗೆ ಅನುಮಾನದ ಜನ ಹೊಸಬರಲ್ಲ. ಮದುವೆ ಮುಗಿದ ಮೇಲೆ, ಇಡೀ ಬೀದಿ ಕಿವಿ ಮುಚ್ಚಿಕೊಂಡಿದ್ದನ್ನು ನೋಡಿದ ಯಜಮಾನನೇ ಬಾಡಿಗೆ ಕೊಡುವ ಹೊತ್ತಿಗೆ "ಹಾರ್ನು ಸರಿಯಾಗಿ ಕೂಗಲೇ ಇಲ್ವಲ್ಲ" ಎನ್ನುತ್ತಾನೆ. ಅದು ಬಾಡಿಗೆ ಇಳಿಸುವ ಅನುಮಾನ. ಕೆಂಪಣ್ಣನದು ಹಾಗಲ್ಲ. ಲಾಭವಿಲ್ಲದಿದ್ದರೂ ಅನುಮಾನ ಪಡುತ್ತಿದ್ದ. ಅಂಥವನನ್ನು ಕಂಡರೆ ನನಗೆ ಒಂದು ಬಗೆಯ ಗೌರವ.

ಅವನು ಬೇಸಾಯದ ಮನೆಯವನು. ರಾಗಿ ಹೊಲ, ಸ್ವಲ್ಪ ತೆಂಗು, ಕೊಟ್ಟಿಗೆಯಲ್ಲಿ ಹಸುಗಳು. ಶಾಲೆಯಲ್ಲಿದ್ದಾಗ ಆಗಸ್ಟ್ ಹದಿನೈದರ ಕವಾಯತಿಗೆ ಸೈಡ್ ಡ್ರಮ್ಮು ಹೊಡೆಯಲು ನಿಲ್ಲಿಸಿದ್ದರು. ಓದು ಬಿಟ್ಟರೂ ಆ ಕೈ ಬಿಡಲಿಲ್ಲ. ಆಮೇಲೆ ಹಾಸನದ ಮದುವೆ ಬ್ಯಾಂಡಿನಲ್ಲಿ ಕೆಂಪು ಕೋಟು ಹಾಕಿಕೊಂಡು ಊರೂರು ತಿರುಗಿದ. ತೊಂಬತ್ತರ ಸುಮಾರಿಗೆ ಬ್ಯಾಂಡ್ ಮಾಲೀಕ ಅಂಗಡಿ ಮುಚ್ಚಿಕೊಂಡು ಹೋಗುವಾಗ ಮೂಲೆಯಲ್ಲಿದ್ದ ಹಳೆಯ ಜಾಜ್ ಸೆಟ್ಟನ್ನು, ಅಂದರೆ ಕಾಲಿನಿಂದ ಒದೆಯುವ ದೊಡ್ಡ ಬೇಸ್ ಡ್ರಮ್ಮು, ತೊಡೆಯ ಮುಂದೆ ಇಡುವ ಸ್ನೇರು, ಮೇಲೆ ಝಣ್ಣೆನ್ನುವ ಎರಡು ಕಂಚಿನ ತಟ್ಟೆ, ಇಷ್ಟನ್ನು ಕೆಂಪಣ್ಣ ಎತ್ತಿನಗಾಡಿಯಲ್ಲಿ ಹೇರಿಕೊಂಡು ಹೋದ. ಅದರ ತಿರುಪು ಬಿಗಿಮಾಡುವ ಪುಟ್ಟ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದ. ಸ್ನಾನಕ್ಕೂ ಅದು ಸೊಂಟದಲ್ಲೇ.

ಆ ಸೆಟ್ಟಿನಿಂದಲೇ ಅವನಿಗೆ ಹೊಳೆನರಸೀಪುರದ ವರದರಾಜ ಮೇಷ್ಟ್ರ ವಾದ್ಯಗೋಷ್ಠಿಯಲ್ಲಿ ಜಾಗ ಸಿಕ್ಕಿದ್ದು. ಮೇಷ್ಟ್ರು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದರು, ಗಣಪತಿ ಹಬ್ಬ ಬಂದರೆ ಹಾಡುತ್ತಿದ್ದರು. ಜೊತೆಗೆ ಹಾಡಲು ಪ್ರೇಮಕುಮಾರಿ ಅನ್ನುವ ಹೆಣ್ಣುಮಗಳು, ಕೀಬೋರ್ಡಿಗೆ ಮೇಷ್ಟ್ರ ಮಗ ಕೇದಾರ್. ಮೈಕ್ ಸೆಟ್ಟು ನನ್ನದು. ಸೆಟ್ಟಿನ ಹಿಂದೆ ನಾನೂ ಹೋಗುತ್ತಿದ್ದೆ, ಯಾಕೆಂದರೆ ಸದ್ದು ಏರಿಸಿ ಇಳಿಸುವ ನನ್ನ ಮಿಕ್ಸರಿನ ಗುಂಡಿಗಳನ್ನು ಬೇರೆಯವರು ತಿರುಗಿಸುವುದು ನನಗೆ ಆಗುವುದಿಲ್ಲ.

ನಮ್ಮ ಕಡೆ ಗಣಪತಿ ಸಮಿತಿಯವರು ಆರ್ಕೆಸ್ಟ್ರಾ ಗೊತ್ತುಮಾಡುವಾಗ ಹಾಡುಗಾರನ ಗಂಟಲು ಕೇಳುವುದಿಲ್ಲ. "ಸ್ಟೇಜ್ ಮೇಲೆ ಎಷ್ಟು ತಲೆ ಇರ್ತವೆ? ಫುಲ್ ಡ್ರಮ್ ಸೆಟ್ ಅದಾ?" ಎಂದು ಕೇಳುತ್ತಾರೆ. ಡ್ರಮ್ ಸೆಟ್ ಇಲ್ಲದಿದ್ದರೆ ಅದು ಭಜನೆ. ಇದ್ದರೆ ಆರ್ಕೆಸ್ಟ್ರಾ. ಹಾಗಾಗಿ ಕೆಂಪಣ್ಣನ ಕುರ್ಚಿ ಭದ್ರವಾಗಿತ್ತು. ಹೆಚ್ಚು ಕಡಿಮೆ ತೊಂಬತ್ತೆಂಟರವರೆಗೆ.

ಆ ವರ್ಷ ಕೇದಾರ್ ಬೆಂಗಳೂರಿನಿಂದ ಒಂದು ಡಬ್ಬ ತಂದ. ಊಟದ ಕ್ಯಾರಿಯರಿನಷ್ಟು ಗಾತ್ರ, ಮೇಲೆ ಸಾಲಾಗಿ ರಬ್ಬರು ಗುಂಡಿಗಳು, ಪಕ್ಕದಲ್ಲಿ ಗಾಳಿಯಾಡಲು ಸೀಳುಗಳು. ಮೊದಲೇ ತಾಳ ತುಂಬಿಸಿಟ್ಟು ಒಂದು ಗುಂಡಿ ಒತ್ತಿದರೆ ಸಾಕು, ಡ್ರಮ್ಮು, ತಟ್ಟೆ, ಗೆಜ್ಜೆ ಎಲ್ಲ ಅದೇ ಹೊಡೆಯುತ್ತಿತ್ತು. ಬೇಸರವಿಲ್ಲ, ಬೆವರಿಲ್ಲ, ನಡುವೆ ಬೀಡಿಯೂ ಬೇಡ.

ಹುಡುಗ ಕೆಟ್ಟವನಲ್ಲ. ಆಗಿನ ಹೊಸ ಸಿನಿಮಾ ಹಾಡುಗಳಲ್ಲಿ ಡ್ರಮ್ಮಿನ ಕೆಳಗೆ ಇಂಥ ಡಬ್ಬದ ತಾಳ ಬೆರೆತೇ ಬರುತ್ತಿತ್ತು. ಅದಿಲ್ಲದೆ ನುಡಿಸಿದರೆ ಕ್ಯಾಸೆಟ್ ಕೇಳಿದ ಕಿವಿಗೆ ಸಪ್ಪೆ.

"ಕೆಂಪಣ್ಣೋರೆ, ನಿಮ್ಮನ್ನ ಬಿಟ್ಟು ಅಲ್ಲ. ನಿಮ್ಮ ಜೊತೆಗೆ ಇದು," ಎಂದ ಕೇದಾರ್.

ಕೆಂಪಣ್ಣ ಡಬ್ಬವನ್ನು ಸುತ್ತು ಬಂದು ನೋಡಿದ. "ಜೊತೆಗೆ ಅಂತಲೇ ಎಲ್ಲಾರೂ ಬರಾದು ಕಣ್ ಸಾಮಿ. ಆಮೇಲೆ ಒದೆಯಾಕೆ ಕಾಲು ಎಲ್ಲಿಂದ ಬತ್ತದೆ ಅಂತ ಗೊತ್ತಾಗಾಕಿಲ್ಲ."

ಮೊದಲ ಅಭ್ಯಾಸದ ದಿನವೇ ತೊಂದರೆ ಶುರುವಾಯಿತು. ಡಬ್ಬದ ಬೇಸು "ದುಂ" ಎಂದರೆ ಕೆಂಪಣ್ಣನ ಬೇಸು ಅದರ ಹಿಂದೆಯೇ ಇನ್ನೊಂದು "ದುಂ" ಎನ್ನುತ್ತಿತ್ತು. ಎರಡಕ್ಕೂ ನಡುವೆ ಇದ್ದದ್ದು ಕೂದಲೆಳೆಯಷ್ಟು ಅಂತರ. ಆದರೆ ನನ್ನ ದೊಡ್ಡ ಸ್ಪೀಕರಿನಲ್ಲಿ ಆ ಕೂದಲೆಳೆ ಕೊಟ್ಟಿಗೆಯ ಬಾಗಿಲಷ್ಟಾಗಿ, ಎರಡು ಎಮ್ಮೆ ಒಟ್ಟಿಗೆ ನುಗ್ಗಿದ ಹಾಗೆ ಕೇಳುತ್ತಿತ್ತು. ಕೇದಾರ್ ಹೇಳಿದ, ಕೆಂಪಣ್ಣ ಹಿಂದೆ ಬೀಳುತ್ತಾರೆ. ಕೆಂಪಣ್ಣ ಹೇಳಿದ, ಡಬ್ಬ ಮುಂದೆ ಓಡುತ್ತದೆ, ಯಾರೋ ಓಡಿಸುತ್ತಿದ್ದಾರೆ. 'ಯಾರೋ' ಎನ್ನುವಾಗ ಅವನು ಕೇದಾರನನ್ನು ನೋಡದೆ ಸೂರನ್ನು ನೋಡಿದ. ಎಲ್ಲರಿಗೂ ಅರ್ಥವಾಯಿತು.

ಕೊನೆಗೆ ಒಂದು ವ್ಯವಸ್ಥೆ ಮಾಡಿದೆವು. ಕೆಳಗಿನ ಬೇಸಿನ ದುಂ ಡಬ್ಬದ್ದೇ ಇರಲಿ, ಸ್ನೇರು, ತಟ್ಟೆ, ಹಾಡಿನ ನಡುವೆ ಬರುವ ಉರುಳು ಏಟುಗಳು ಕೆಂಪಣ್ಣನದಿರಲಿ. ಅವನ ಬೇಸಿಗೆ ಮೈಕ್ ಇಡುತ್ತೇನೆ, ಆದರೆ ಸಣ್ಣಗೆ ಬಿಡುತ್ತೇನೆ ಎಂದೆ. ತಾಳ ತಪ್ಪದಿರಲು ಅವನ ಕಿವಿಗೆ ಒಂದು ಹೆಡ್‌ಫೋನ್. ಅದರಲ್ಲಿ ಡಬ್ಬದ ಟಿಕ್ ಟಿಕ್ ಮಾತ್ರ ಕೇಳುತ್ತಿತ್ತು.

"ಅಂದ್ರೆ ದಮ್ಮು ಅದುಕ್ಕೆ, ಚಿಲ್ರೆ ನಂಗೆ," ಎಂದ ಕೆಂಪಣ್ಣ. ವ್ಯಾಪಾರಿಯಾಗಿ ನನಗೆ ಅವನ ಲೆಕ್ಕ ತಪ್ಪೆನಿಸಲಿಲ್ಲ.

ಗಣಪತಿ ಹಬ್ಬ ಬಂತು. ಅರಕಲಗೂಡಿನ ಒಂದು ಸಮಿತಿಯ ಕಾರ್ಯಕ್ರಮ. ಎರಡನೇ ಹಾಡು ನಡೆಯುತ್ತಿದ್ದಾಗ ಸಮಿತಿಯ ಅಧ್ಯಕ್ಷ ನಂಜಯ್ಯ, ಹೆಗಲ ಮೇಲೆ ಜರಿ ಟವಲು ಹಾಕಿಕೊಂಡು, ಸ್ಟೇಜು ಹತ್ತಿದ. ಹಾಡು ನಿಲ್ಲಿಸಿದ.

"ಮೇಷ್ಟ್ರೆ, ನಾವು ಮಾತಾಡಿದ್ದು ಆರ್ಕೆಸ್ಟ್ರಾ. ನೀವು ಕ್ಯಾಸೆಟ್ ಆಕ್ಬುಟ್ಟು ಬಾಯಿ ಆಡುಸ್ತಾ ಇದ್ದೀರಾ?"

"ಯಾರ್ರೀ ಹೇಳಿದ್ದು?"

"ಏಳಾದೇನು, ಕಾಣ್ತದಲ್ಲ. ಡ್ರಮ್ಮಿನೋನು ಕಿವಿಗೆ ಅದೇನು ಸಿಗಾಕ್ಕೊಂಡವ್ನೆ? ಹೊಡೆಯೋನಿಗೆ ಕೇಳೋ ಕೆಲಸ ಏನು?"

ನಂಜಯ್ಯ ಹೆಡ್‌ಫೋನ್ ಕಿತ್ತು ತನ್ನ ಕಿವಿಗಿಟ್ಟುಕೊಂಡ. ಕೇದಾರ್ ಡಬ್ಬ ಒತ್ತಿದ. ಮುಂದೆ ಕೂತಿದ್ದ ಊರಿಗೆ ಊರೇ ಅಧ್ಯಕ್ಷರ ಮುಖ ನೋಡುತ್ತಿತ್ತು. ಅವನು ಬಹಳ ಹೊತ್ತು ಗಂಭೀರವಾಗಿ ಕೇಳಿ, ಮೈಕಿನ ಮುಂದೆ ಬಂದು ತೀರ್ಪು ಹೇಳಿದ: "ಮಹಾಜನಗಳೇ, ಕ್ಯಾಸೆಟ್ ಅಲ್ಲ. ಗಡಿಯಾರ ಮಡಿಕ್ಕೊಂಡವ್ರೆ. ಟೈಮಿಗೆ ಸರಿಯಾಗಿ ಮುಗಿಸಾಕಿರಬೇಕು."

ಜನ ಚಪ್ಪಾಳೆ ತಟ್ಟಿದರು. ನಾವೆಲ್ಲ ನಕ್ಕೆವು. ಕೆಂಪಣ್ಣ ನಗಲಿಲ್ಲ. ಹೆಡ್‌ಫೋನನ್ನು ಟವಲಿನಿಂದ ಒರೆಸಿ ಹಾಕಿಕೊಂಡ. ಅಧ್ಯಕ್ಷನಿಗೇ ಅನುಮಾನ ಬಂದ ಮೇಲೆ ಅದರಲ್ಲಿ ಏನೋ ಇದ್ದೇ ಇದೆ ಎಂದು ಅವನಿಗೆ ಅನಿಸಿರಬೇಕು.

ಅದೇ ಕಾರ್ಯಕ್ರಮದಲ್ಲಿ ಅವನು ಒಂದು ಪರೀಕ್ಷೆ ಮಾಡಿದ. ಕುಣಿತದ ಹಾಡೊಂದರ ನಡುವೆ ಬೇಸಿನ ಪೆಡಲಿನಿಂದ ಕಾಲು ತೆಗೆದು ನೆಲದ ಮೇಲೆ ಇಟ್ಟುಕೊಂಡ. ಸ್ಪೀಕರಿನಲ್ಲಿ ದುಂ ದುಂ ನಿಲ್ಲಲಿಲ್ಲ. ಮುಂದಿನ ಸಾಲಿನ ಹುಡುಗರ ಕುಣಿತವೂ ನಿಲ್ಲಲಿಲ್ಲ. ಮೇಷ್ಟ್ರು ತಿರುಗಿ ನೋಡಲಿಲ್ಲ. ನನಗೆ ಗೊತ್ತಾಯಿತು, ಯಾಕೆಂದರೆ ಮಿಕ್ಸರಿನಲ್ಲಿ ಅವನ ಬೇಸಿನ ಸದ್ದು ತೋರಿಸುವ ಮುಳ್ಳು ಮಲಗಿತು. ತಲೆ ಎತ್ತಿದೆ. ಅವನು ನನ್ನನ್ನೇ ನೋಡುತ್ತಿದ್ದ.

ಸಾಮಾನು ಕಟ್ಟುವಾಗ ಹತ್ತಿರ ಬಂದ.

"ಸಾವ್ಕಾರ್ರೆ, ಇವತ್ತು ಕಾಲು ತೆಗುದ್ರೂ ಯಾರಿಗೂ ಬೇಕಾಗ್ನಿಲ್ಲ. ನಾಳೆ ಕೈ. ನಾಡಿದ್ದು ನಾನು ಬಸ್ ಅತ್ತದಿದ್ರೂ ಆಯ್ತದೆ."

"ತಲೆ ಎಣಿಸ್ತಾರಲ್ಲಪ್ಪ ಸಮಿತಿಯವರು. ನೀನು ಬೇಕೇ ಬೇಕು."

"ತಲೆ ಎಣಿಸಾಕೆ ಒಂದು ಬೆದರುಬೊಂಬೆ ಕೂರ್ಸಿದ್ರೆ ಆಗಾಕಿಲ್ವಾ? ನಮ್ಮ ಹೊಲದಲ್ಲೇ ಒಂದದೆ. ನನ್ ಅಂಗಿನೇ ಆಕಿದೀನಿ."

ನಾನು ಮೈಕಿನ ವೈರು ಸುತ್ತತೊಡಗಿದೆ.

ಆ ವರ್ಷದ ಆಯುಧಪೂಜೆ ಎಂದಿನಂತೆ ಮೇಷ್ಟ್ರ ಮನೆಯಲ್ಲೇ ನಡೆಯಿತು. ವಾದ್ಯಗೋಷ್ಠಿಯ ಸಾಮಾನನ್ನೆಲ್ಲ ಹಿಂದಿನ ದಿನವೇ ತಂದಿಟ್ಟು ಪೂಜೆ ಮಾಡುವುದು ಪದ್ಧತಿ. ಮೇಷ್ಟ್ರ ತಾಯಿ ಸುಂದರಮ್ಮನವರು ಮಡಿಯವರು. ಹಾಗಾಗಿ ಕೆಂಪಣ್ಣನ ಡ್ರಮ್ ಸೆಟ್ಟು ಪ್ರತಿ ವರ್ಷ ಜಗಲಿಯಲ್ಲೇ. ಅಲ್ಲೇ ಅವನು ಅದಕ್ಕೆ ಗಂಧ ಹಚ್ಚಿ, ಕುಂಕುಮ ಇಟ್ಟು, ಸೇವಂತಿಗೆ ಸರ ಹಾಕುತ್ತಿದ್ದ. ಕೇದಾರನ ಕೀಬೋರ್ಡು ಮತ್ತು ಹೊಸ ಡಬ್ಬ ಮಾತ್ರ ಒಳಗೆ, ನಡುಮನೆಯಲ್ಲಿ, ದೇವರ ಮನೆಯ ಬಾಗಿಲ ಪಕ್ಕದ ಮಣೆಯ ಮೇಲೆ ಕೂತವು. ಕೆಂಪಣ್ಣ ಇದನ್ನು ಗಮನಿಸದೆ ಇರಲಿಲ್ಲ. "ಬಂದ್ ಮೂರು ತಿಂಗ್ಳಿಗೆ ದೇವ್ರ ಪಕ್ಕ ಕುಂತ್ಕಂಡದೆ, ನೋಡಿ ಸಾವ್ಕಾರ್ರೆ" ಎಂದು ನನ್ನ ಕಿವಿಯಲ್ಲಿ ಹೇಳಿದ.

ಆಮೇಲೆ ಯಾರೂ ನಿರೀಕ್ಷಿಸದ ಕೆಲಸ ಮಾಡಿದ. ಗಂಧದ ಬಟ್ಟಲು ಹಿಡಿದು ನಡುಮನೆಗೆ ಹೋಗಿ, ಡಬ್ಬದ ನೆತ್ತಿಗೆ ಒಂದು ಬೊಟ್ಟು ಗಂಧ ಇಟ್ಟು, ಕುಂಕುಮ ಹಚ್ಚಿ, ಒಂದು ಹೂವು ಏರಿಸಿ, ಕೈ ಮುಗಿದ. ಅಷ್ಟು ದಿನ ಅದನ್ನು ಶನಿ ಎಂದು ಕರೆದವನು! ಎಲ್ಲರೂ ಮುಖ ಮುಖ ನೋಡಿಕೊಂಡೆವು. ಊಟವಾದ ಮೇಲೆ, ಹಾಲು ಕರೆಯುವ ಹೊತ್ತಾಯಿತು ಎಂದು ಹಳೇಕೋಟೆ ಬಸ್ಸು ಹಿಡಿದ.

ಮರುದಿನ ವಿಜಯದಶಮಿಯ ಸಂಜೆ ಚನ್ನರಾಯಪಟ್ಟಣದಲ್ಲಿ ಕಾರ್ಯಕ್ರಮ. ಕೇದಾರ್ ಡಬ್ಬದ ಗುಂಡಿ ಒತ್ತಿದ. ಅದು ಒಮ್ಮೆ ಕೆಮ್ಮಿತು. ಆಮೇಲೆ ತಟ್ಟೆ, ಗೆಜ್ಜೆ, ಬೇಸು ಎಲ್ಲವೂ ಒಟ್ಟಿಗೆ, ತಗಡಿನ ಅಂಗಡಿ ಉರುಳಿಬಿದ್ದ ಹಾಗೆ ಬಡಿದುಕೊಂಡು, ಪೂರ್ತಿ ಸತ್ತುಹೋಯಿತು. ಮೇಷ್ಟ್ರ ಮುಖ ಬಿಳಿಚಿತು. ಕೆಂಪಣ್ಣ ಹೆಡ್‌ಫೋನ್ ತೆಗೆದು ಪಕ್ಕಕ್ಕಿಟ್ಟ. ಕೋಲಿಂದ ಕೋಲಿಗೆ ನಾಲ್ಕು ತಟ್ಟಿದ. ತಾಳ ಹಿಡಿದ.

ಆ ಸಂಜೆ ಅವನು ನುಡಿಸಿದ್ದನ್ನು ನಾನು ಹೇಗೆಂದು ಹೇಳಲಿ? ಅವನ ಬೇಸಿನ ಮೈಕನ್ನು ಪೂರ್ತಿ ಎತ್ತಿದೆ. ಸ್ಟೇಜಿನ ಹಲಗೆ ನಡುಗುತ್ತಿತ್ತು. ಪ್ರೇಮಕುಮಾರಿ ಹಾಡು ಮುಗಿದರೂ ಮುಗಿಸಲಾರದೆ ಇನ್ನೊಂದು ಸಲ ಪಲ್ಲವಿ ಹಾಡಿದಳು. ಸಮಿತಿಯವರು ಕೆಂಪಣ್ಣನಿಗೆ ಬೇರೆಯಾಗಿ ಹಾರ ಹಾಕಿದರು.

ಅಷ್ಟು ಚೆನ್ನಾಗಿ ನುಡಿಸಿದ್ದೇ ಅವನ ಕೊರಳಿಗೆ ಬಂತು.

"ಇವರು ಸಿದ್ಧವಾಗೇ ಬಂದಿದ್ದರು," ಎಂದ ಕೇದಾರ್, ವ್ಯಾನಿನ ಹತ್ತಿರ. ಕಣ್ಣು ಕೆಂಪಾಗಿತ್ತು. "ಡಬ್ಬ ಕೆಡತ್ತೆ ಅಂತ ಗೊತ್ತಿಲ್ಲದೇ ಇದ್ದೋರು ಹಾಗೆ ಒಂದು ಕ್ಷಣ ಯೋಚಿಸ್ದೇ ಶುರು ಮಾಡ್ತಾರಾ? ನಿನ್ನೆ ಅದನ್ನ ಮುಟ್ಟಿದ್ದು ಅವರೊಬ್ಬರೇ. ಎಂದೂ ಇಲ್ಲದ್ದು ಪೂಜೆ!"

"ನಾನೇನು ಮಾಡ್ದೆ? ಗಂಧ ಇಟ್ಟೆ. ಗಂಧ ಇಟ್ರೆ ಸಾಯೋ ದೇವ್ರು ಎಲ್ಲಾದ್ರೂ ಅದಾ?"

"ಮನಸ್ಸಿಂದ ಇಟ್ರಾ?"

ಕೆಂಪಣ್ಣ ಕೊರಳಿನ ಹಾರ ಸರಿಮಾಡಿಕೊಂಡ. "ಮನಸಿಂದ ಇಡ್ನಿಲ್ಲ. ಭಯಕ್ಕೆ ಇಟ್ಟೆ. ಶನಿ ದೇವ್ರಿಗೂ ಎಳ್ಳುಬತ್ತಿ ಅಂಗೇ ತಾನೇ ಅಚ್ಚಾದು?"

ಸತ್ಯ ಹೇಳಿದ್ದ. ಆದರೆ ಅಂಥ ಸತ್ಯ ಆ ಹೊತ್ತಿಗೆ ಯಾರಿಗೂ ಉಪಯೋಗವಿಲ್ಲ. ಮೇಷ್ಟ್ರು ಕನ್ನಡಕ ಒರೆಸುತ್ತಾ, ತರಗತಿಯಲ್ಲಿ ಹುಡುಗನನ್ನು ಹೊರಗೆ ನಿಲ್ಲಿಸುವ ದನಿಯಲ್ಲಿ ಹೇಳಿದರು: "ಕೆಂಪಣ್ಣ, ಏನಾಯ್ತು ಅಂತ ಗೊತ್ತಾಗೋವರೆಗೂ ನೀವು ಬರೋದು ಬೇಡ. ಹಿರೀಸಾವೆ ಕಡೆ ಡ್ರಮ್ಮಿನ ಬದಲು ಕರೆಂಟಿನ ಪ್ಯಾಡ್ ನುಡಿಸೋ ಒಬ್ಬ ಹುಡುಗ ಇದ್ದಾನಂತೆ. ರಾಜ್ಯೋತ್ಸವಕ್ಕೆ ಅವನನ್ನ ಕೇಳ್ತೀನಿ."

ನವೆಂಬರ್ ಪೂರ್ತಿ ರಾಜ್ಯೋತ್ಸವ. ವಾದ್ಯಗೋಷ್ಠಿಯವರಿಗೆ ಅದು ಸುಗ್ಗಿ. ಆ ಸುಗ್ಗಿಯಲ್ಲಿ ಇನ್ನೊಬ್ಬ ಬಂದು ಆ ಸ್ಟೂಲಿನ ಮೇಲೆ ಕೂತರೆ, ಆಮೇಲೆ ಏಳುವವನಲ್ಲ. ಅದು ಕೆಂಪಣ್ಣನಿಗೂ ಗೊತ್ತು, ಮೇಷ್ಟ್ರಿಗೂ ಗೊತ್ತು. ಕೆಂಪಣ್ಣ ವ್ಯಾನಿನ ಮೇಲಿಂದ ಡ್ರಮ್ಮುಗಳನ್ನು ತಾನೇ ಇಳಿಸಿಕೊಂಡು, ಬಸ್ ಸ್ಟ್ಯಾಂಡಿನ ಕಡೆ ಒಂದೊಂದಾಗಿ ಹೊತ್ತ. ಹಾರ ಇನ್ನೂ ಕೊರಳಲ್ಲೇ ಇತ್ತು.

ಎರಡು ದಿನದ ಮೇಲೆ ಕೇದಾರ್ ಡಬ್ಬ ಹಿಡಿದು ನನ್ನ ಅಂಗಡಿಗೆ ಬಂದ. ಅವನು ಕೂತು ಉಸಿರು ಬಿಡುವಷ್ಟರಲ್ಲಿ ಕೆಂಪಣ್ಣನೂ ಬಂದ. ಡಬ್ಬ ಬಿಚ್ಚುವಾಗ ತಾನು ಎದುರಿಗೆ ಇರಬೇಕು ಎಂದು ಅಂಗಡಿ ಬಾಗಿಲು ತೆಗೆಯುವ ಮೊದಲಿಂದಲೂ ಎದುರಿನ ಹೋಟೆಲಿನಲ್ಲಿ ಕಾದಿದ್ದನಂತೆ.

"ನನ್ನ ಮೇಲೂ ಅನುಮಾನವೇನಯ್ಯಾ?" ಎಂದೆ.

"ನಿಮ್ ಮೇಲೆ ಅಂತ ಅಲ್ಲ ಸಾವ್ಕಾರ್ರೆ. ಅವ್ರು ನಿಮ್ಗೆ ಗಿರಾಕಿ. ನಾನೂ ಗಿರಾಕಿ. ಅವ್ರು ದೊಡ್ ಗಿರಾಕಿ."

ಇಬ್ಬರನ್ನೂ ಮೇಜಿನ ಎರಡು ಕಡೆ ಕೂರಿಸಿ ತಿರುಪು ಬಿಚ್ಚಿದೆ. ಮೇಲ್ಭಾಗದಲ್ಲಿ ಗಂಧದ ಬೊಟ್ಟು ಒಣಗಿ ಹಪ್ಪಳವಾಗಿತ್ತು. ಒಂದು ಕಣವೂ ಒಳಗೆ ಇಳಿದಿರಲಿಲ್ಲ. ಆದರೆ ಪಕ್ಕದ ಸೀಳುಗಳಿಂದ ಒಳಗೆ ನೀರು ಹರಿದ ಹಳದಿ ಗೆರೆಗಳಿದ್ದವು. ಗುಂಡಿಗಳ ಕೆಳಗಿನ ರಬ್ಬರು ಹಾಸೆಲ್ಲ ಅಂಟಂಟು. ಡಬ್ಬ ತೆರೆದದ್ದೇ ಒಂದು ವಾಸನೆ ಎದ್ದಿತು.

ನಾನು ಮೂಸಿದೆ. ಕೇದಾರ್ ಮೂಸಿದ. ಕೆಂಪಣ್ಣ ಬಗ್ಗಿ ಒಂದೇ ಸಲ ಉಸಿರೆಳೆದು ಕುರ್ಚಿಯಿಂದ ಎದ್ದುಬಿಟ್ಟ.

"ಗಂಜಲ ಕಣಣ್ಣೋ! ಅಸೀನ್ ಗಂಜಲ!"

ಗೋಮೂತ್ರ. ಅನುಮಾನವೇ ಇಲ್ಲ. ಕೆಂಪಣ್ಣನ ಮುಖ ಅರಳಿತು, ಗಂಧ ಆರೋಪದಿಂದ ಬಿಡುಗಡೆಯಾಯಿತಲ್ಲ. ಆ ಬೆಳಕು ನಿಂತದ್ದು ಕೇದಾರ್ ಬಾಯಿ ತೆರೆಯುವವರೆಗೆ.

"ಹಸು ಕಟ್ಟಿರೋದು ಯಾರ ಮನೇಲಿ, ಕೆಂಪಣ್ಣೋರೆ? ನಮ್ಮನೇಲಂತೂ ಇಲ್ಲ."

ಕೆಂಪಣ್ಣ ಕೂತ. ಸತ್ಯ ಕಂಡುಹಿಡಿದವನೂ ಅವನೇ, ಅದರಿಂದ ಸಿಕ್ಕಿಬಿದ್ದವನೂ ಅವನೇ. ತನ್ನ ಮೂಗನ್ನೇ ಅನುಮಾನದಿಂದ ಸವರಿಕೊಂಡ. "ನೋಡುದ್ರಾ ಸಾವ್ಕಾರ್ರೆ, ನಾನು ಮೂಸ್ಬಾರದಾಗಿತ್ತು."

ನನಗೆ ಒಂದು ವಿಷಯ ಒಪ್ಪಿಗೆಯಾಗಲಿಲ್ಲ. ಕೆಡಿಸಲು ಬಂದವನಿಗೆ ಮೇಷ್ಟ್ರ ಮನೆಯ ಬಚ್ಚಲಿನಲ್ಲೇ ಬೇಕಾದಷ್ಟು ನೀರಿತ್ತು. ಹಬ್ಬದ ದಿನ ಹಳೇಕೋಟೆಯಿಂದ ಬಸ್ಸಿನಲ್ಲಿ ಗಂಜಲ ತುಂಬಿಕೊಂಡು ಬರುವಷ್ಟು ಶ್ರಮ ಯಾರು ಪಡುತ್ತಾರೆ? ಸ್ಪಿರಿಟ್ ಹಾಕಿ ಒರೆಸಿ, ಹಾಸುಗಳನ್ನು ಬಿಸಿಲಿಗೆ ಇಟ್ಟು, ಸಂಜೆಗೆ ಜೋಡಿಸಿದೆ. ಡಬ್ಬ ಬದುಕಿತು. "ನಾನೇ ತಂದು ಕೊಡ್ತೀನಿ, ಮೇಷ್ಟ್ರ ಹತ್ತಿರ ರಾಜ್ಯೋತ್ಸವದ ಬಾಡಿಗೆ ಮಾತೂ ಆಡಬೇಕು" ಎಂದು ಕೇದಾರನನ್ನು ಕಳಿಸಿದೆ. ಮರುದಿನ ಕೆಂಪಣ್ಣನನ್ನೂ ಜೊತೆಗೆ ಕರೆದುಕೊಂಡು ಹೊಳೆನರಸೀಪುರಕ್ಕೆ ಹೋದೆ. ದಾರಿಯುದ್ದಕ್ಕೂ ಡಬ್ಬ ನನ್ನ ತೊಡೆಯ ಮೇಲೆಯೇ ಇರಬೇಕೆಂದ. ತಾನು ಮುಟ್ಟುವುದಿಲ್ಲವೆಂದು ಎರಡು ಕೈಯಲ್ಲೂ ಮುಂದಿನ ಸೀಟಿನ ಕಂಬಿ ಹಿಡಿದು ಕೂತ.

ಮೇಷ್ಟ್ರ ಮನೆಯಲ್ಲಿ ಕೆಂಪಣ್ಣ ಜಗಲಿಯಲ್ಲೇ ನಿಂತ. ನಾನು ಒಳಗೆ ಕೂತೆ. ಸುಂದರಮ್ಮನವರು ಕಾಫಿ ತಂದರು.

"ಅಮ್ಮಾ, ನಿಮ್ಮನೇಲಿ ಹಸು ಇಲ್ವಲ್ಲ. ಮಡಿಗೆ ಗೋಮೂತ್ರ ಬೇಕಾದ್ರೆ ಏನ್ಮಾಡ್ತೀರಿ?" ಎಂದು ವ್ಯಾಪಾರದ ಮಾತಿನ ನಡುವೆ ಕೇಳಿದೆ.

"ಹಿಂದಿನ ಬೀದಿ ಮಲ್ಲಿಗಮ್ಮ ತಂದುಕೊಡ್ತಾಳೆ. ಆಯುಧಪೂಜೆ ಮಾರನೇ ದಿನ ಬೆಳಗ್ಗೆ ಒಂದು ಚೊಂಬು ತಂದಿದ್ಲು, ಪಾಪ."

ಮೇಷ್ಟ್ರು ತಲೆ ಎತ್ತಿದರು. "ಆವತ್ತು ಬೆಳಗ್ಗೆ ಅದನ್ನೇನು ಮಾಡ್ದೆ ಅಮ್ಮಾ?"

"ಏನು ಮಾಡೋದು? ಪ್ರೋಕ್ಷಣೆ ಮಾಡ್ದೆ. ಆ ನಿನ್ನ ಮಗನ ಡಬ್ಬ ಊರೂರು ಸ್ಟೇಜ್ ಮೇಲೆ ಕೂತು ಬಂದಿರೋದು, ಯಾರ್ಯಾರು ಮುಟ್ಟಿರೋದು. ದೇವರ ಮನೆ ಬಾಗಿಲಲ್ಲಿ ತಂದಿಟ್ರೆ ನಾನು ಸುಮ್ಮನಿರ್ತೀನಾ? ಕೀಬೋರ್ಡಿಗಾದ್ರೆ ಮೇಲೆ ಬಟ್ಟೆ ಹೊದಿಸಿತ್ತು, ಎರಡು ಹನಿ ಸಾಕಾಯ್ತು. ಡಬ್ಬಕ್ಕೆ, ಗಂಧ ಅಳಿಸದ ಹಾಗೆ, ಸುತ್ತಲೂ ಚೆನ್ನಾಗೇ ಹಾಕ್ದೆ."

ಕೇದಾರ್ ಗೋಡೆಗೆ ಒರಗಿ ಹಾಗೆಯೇ ಕುಸಿದು ಕೂತ. "ಅಜ್ಜೀ..."

"ಏನೋ ಅಜ್ಜಿ? ಕೆಟ್ಟುಹೋಗತ್ತೆ ಅಂದಿದ್ರೆ ಮಣೆ ಮೇಲೆ ಯಾಕಿಟ್ಟೆ?"

ಜಗಲಿಯಿಂದ ಕೆಂಪಣ್ಣನ ದನಿ ಬಂತು. "ಅವ್ವಾ, ನನ್ ಡ್ರಮ್ಗೂ ಆಕಿದ್ರಾ?"

"ಇಲ್ಲಪ್ಪ. ಅದು ಚರ್ಮ. ಅದಕ್ಕೆ ಎಷ್ಟು ಹಾಕಿದ್ರೂ ಶುದ್ಧವಾಗಲ್ಲ. ಅದಕ್ಕೇ ಇಷ್ಟು ವರ್ಷವೂ ಜಗಲೀಲೇ ಇಡಿಸಿದ್ದು."

"ಚರ್ಮ ಅಲ್ಲ ಕಣವ್ವಾ. ಅದೂ ಪ್ಲಾಸ್ಟಿಕ್ಕೇ."

ಸುಂದರಮ್ಮನವರು ಬಾಗಿಲವರೆಗೆ ಬಂದು ಅವನನ್ನು ನೋಡಿದರು. "ಮತ್ತೆ ಇಷ್ಟು ವರ್ಷ ಹೇಳಬಾರದಿತ್ತೇ? ಒಳಗೇ ಇಡಿಸ್ತಿದ್ದೆನಲ್ಲೋ."

"ಅದುಕ್ಕೇ ಏಳ್ನಿಲ್ಲ."

ಮೇಷ್ಟ್ರು ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. ಎದ್ದು ಜಗಲಿಗೆ ಬಂದು, "ತಪ್ಪು ತಿಳಕೋಬೇಡಿ ಕೆಂಪಣ್ಣ. ರಾಜ್ಯೋತ್ಸವಕ್ಕೆ ಬಂದುಬಿಡಿ," ಎಂದರು. ಹಿರೀಸಾವೆಯ ಪ್ಯಾಡಿನ ಹುಡುಗ ಆಗಲೇ ಬೇರೆ ತಂಡಕ್ಕೆ ಒಪ್ಪಿಕೊಂಡಿದ್ದ ವಿಷಯ ನನಗೆ ಹಿಂದಿನ ದಿನವೇ ಗೊತ್ತಿತ್ತು. ಈ ಕ್ಷಮೆಯಲ್ಲಿ ಆ ಸುದ್ದಿಯ ಪಾಲು ಎಷ್ಟು ಎಂದು ನಾನು ತೂಗಲಿಲ್ಲ. ಕೆಂಪಣ್ಣ ತೂಗಿದ ಹಾಗೆ ಕಂಡಿತು.

"ಬತ್ತೀನಿ ಮೇಷ್ಟ್ರೆ. ತಪ್ಪು ಗಿಪ್ಪು ಎಲ್ಲಾ ಬ್ಯಾಡ. ಆ ಡಬ್ಬ ನನ್ ಪಕ್ಕ ಇರ್ಬೇಕು. ಒತ್ತೋ ಗುಂಡಿ ನನ್ ಕೈಲಿರ್ಬೇಕು."

"ಅದು ನನ್ನದು!" ಎಂದ ಕೇದಾರ್, ಒಳಗಿಂದ. "ತಾಳ ತುಂಬಿಸಿರೋದು ನಾನು. ಯಾವ ಹಾಡಿಗೆ ಯಾವುದು ಅಂತ ನಿಮಗೇನು ಗೊತ್ತು?"

"ತುಂಬ್ಸೋದು ನೀವೇ ತುಂಬ್ಸಿ ಸಾಮಿ. ಅಡಿಗೆ ನಿಮ್ದು. ಬಡುಸೋದು ನಂದು. ಇಲ್ಲಾಂದ್ರೆ ಯಾವಾಗ ಶುರು, ಯಾವಾಗ ನಿಲ್ತದೆ ಅಂತ ನಾನು ನಿಮ್ ಬೆರಳು ನೋಡ್ಕಂಡೇ ಇರ್ಬೇಕು. ನೋಡ್ಕಂಡು ಇರೋ ಡ್ರಮ್ಮಿನೋನು ಡ್ರಮ್ಮಿನೋನಾ?"

ಕೇದಾರ್ ಅಪ್ಪನ ಮುಖ ನೋಡಿದ. ಅಪ್ಪ ಅಜ್ಜಿಯ ಮುಖ ನೋಡಿದರು. ಅಜ್ಜಿ ಕಾಫಿ ಲೋಟಗಳನ್ನು ತೆಗೆದುಕೊಂಡು ಒಳಗೆ ಹೋದರು. ಹುಡುಗ ಎದ್ದು ಬಂದು ಡಬ್ಬವನ್ನು ನನ್ನ ಕೈಯಿಂದ ತೆಗೆದು, ಜಗಲಿಯ ಮೇಲೆ ಕೆಂಪಣ್ಣನ ಎದುರಿಗೆ ಇಟ್ಟ. ಯಾವ ಗುಂಡಿ ಶುರು, ಯಾವುದು ನಿಲ್ಲಿಸಲು, ಯಾವುದನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬಾರದು ಎಂದು ತೋರಿಸತೊಡಗಿದ. ಮುಟ್ಟಬಾರದ ಗುಂಡಿ ಯಾವುದೆಂದು ಕೆಂಪಣ್ಣ ಎರಡು ಸಲ ಕೇಳಿ ತಿಳಿದುಕೊಂಡ.

ಹಾಗೆ ಶುರುವಾದ ವ್ಯವಸ್ಥೆ ಆ ವಾದ್ಯಗೋಷ್ಠಿ ಇರುವವರೆಗೂ ನಡೆಯಿತು. ಎರಡು ಸಾವಿರದ ಐದು, ಆರರ ಹೊತ್ತಿಗೆ ಜನ ವಾದ್ಯವೆಲ್ಲ ಮೊದಲೇ ತುಂಬಿಸಿಟ್ಟ ಟ್ರಾಕ್ ಹಾಕಿಕೊಂಡು ಹಾಡುವ ಕಾಲ ಬಂದು, ಮೇಷ್ಟ್ರು ನಿವೃತ್ತರಾಗಿ, ತಂಡ ಚದುರಿತು. ಅಲ್ಲಿಯವರೆಗೆ ಮೂರು ಡಬ್ಬ ಬದಲಾದವು. ಸ್ಟೂಲಿನ ಮೇಲಿನ ಮನುಷ್ಯ ಬದಲಾಗಲಿಲ್ಲ. ಆದರೆ ನಾನು ಹೇಳಬೇಕಾದದ್ದು ಆ ನವೆಂಬರಿನ ಮೊದಲ ಕಾರ್ಯಕ್ರಮ, ಹಾಸನದಲ್ಲಿ ನಡೆದದ್ದು.

ಡಬ್ಬ ಅವನ ಎಡಗಡೆ, ಸ್ಟ್ಯಾಂಡಿನ ಮೇಲೆ. ಹೆಡ್‌ಫೋನ್ ಹಾಕಿಕೊಂಡ. ಕೋಲಿನ ತುದಿಯಿಂದ ಗುಂಡಿ ಒತ್ತಿದ. ನಾನು ಎಂದಿನಂತೆ ಅವನ ಬೇಸಿನ ಮೈಕನ್ನು ಸಣ್ಣಗೆ ಬಿಟ್ಟು, ಡಬ್ಬದ ಬೇಸನ್ನು ದೊಡ್ಡದಾಗಿ ಬಿಟ್ಟಿದ್ದೆ. ಮೊದಲ ಹಾಡಿನ ಅರ್ಧಕ್ಕೆ ನನಗೆ ಏನೋ ಸರಿಯಿಲ್ಲ ಅನಿಸಿತು. ಎರಡು ಎಮ್ಮೆಗಳ ಸದ್ದಿಲ್ಲ. ನಿಧಾನವಾಗಿ ಅವನ ಮೈಕನ್ನು ಎತ್ತಿದೆ. ಇನ್ನೂ ಎತ್ತಿದೆ. ಡಬ್ಬದ ಸಮಕ್ಕೆ ತಂದೆ. ಆದರೂ ಒಂದೇ ಕಾಲು. ಮಿಕ್ಸರಿನಲ್ಲಿ ಎರಡು ಮುಳ್ಳು ಒಟ್ಟಿಗೆ ಏಳುತ್ತಿದ್ದವು, ಒಟ್ಟಿಗೆ ಬೀಳುತ್ತಿದ್ದವು. ಸ್ಪೀಕರಿನಿಂದ ಒಂದೇ ಸದ್ದು ಬರುತ್ತಿತ್ತು, ಆದರೆ ಎಂದೂ ಇಲ್ಲದಷ್ಟು ದಪ್ಪವಾಗಿ, ಎದೆಗೆ ಬಂದು ತಾಗುವ ಹಾಗೆ.

ಆಗ ಹೊಳೆಯಿತು. ಇಷ್ಟು ದಿನ ಅವನು ಹಿಂದೆ ಬೀಳುತ್ತಿದ್ದದ್ದು ತಾಳ ಬಾರದೆ ಅಲ್ಲ. ಡಬ್ಬ ಮೊದಲು ಹೊಡೆಯಲಿ, ಏನು ಮೋಸ ಮಾಡುತ್ತದೋ ನೋಡೋಣ ಎಂದು ಪ್ರತಿ ಏಟಿಗೂ ಕಾಯುತ್ತಿದ್ದ. ಕಾಯುವ ಆ ಕೂದಲೆಳೆಯೇ ನನ್ನ ಸ್ಪೀಕರಿನಲ್ಲಿ ಬಾಗಿಲಾಗುತ್ತಿದ್ದದ್ದು. ಗುಂಡಿ ತನ್ನ ಕೈಗೆ ಬಂದ ಮೇಲೆ ಕಾಯುವ ಕೆಲಸ ಇರಲಿಲ್ಲ.

ಕೇದಾರ್ ಕೀಬೋರ್ಡಿನಿಂದ ತಲೆ ತಿರುಗಿಸಿ ನೋಡಿದ. ಅವನಿಗೂ ಕೇಳಿಸಿತ್ತು. ಕೆಂಪಣ್ಣ ಅವನ ಕಡೆ ನೋಡದೆ ತಟ್ಟೆಗೆ ಒಂದು ಏಟು ಕೊಟ್ಟು ಮುಂದೆ ಹೋದ.

ಹಾಡು ಮುಗಿಯಿತು. ಜನ ಚಪ್ಪಾಳೆ ತಟ್ಟುತ್ತಿದ್ದಾಗಲೇ ಕೆಂಪಣ್ಣ ಹೆಡ್‌ಫೋನನ್ನು ಕತ್ತಿಗೆ ಜಾರಿಸಿಕೊಂಡು, ಸ್ಟೇಜಿನ ಅಂಚಿಗೆ ಬಂದು, ಕೆಳಗೆ ಮಿಕ್ಸರಿನ ಮುಂದೆ ಕೂತಿದ್ದ ನನ್ನ ಕಡೆ ಬಗ್ಗಿದ. ಕಣ್ಣು ಕಿರಿದು ಮಾಡಿದ್ದ.

"ಸಾವ್ಕಾರ್ರೆ, ಒಂದೇ ಕೇಳ್ತಿತ್ತಲ್ಲ. ಡಬ್ಬಾನ ಮುಚ್ಚಿದ್ರೋ, ನನ್ನ ಮುಚ್ಚಿದ್ರೋ? ನಿಜ ಏಳಿ."